ಗಡಿಗೆ ಹತ್ತಿರ ಕಟ್ಟಬೇಕಾದಾಗ: ನ್ಯೂಜೆರ್ಸಿಯಲ್ಲಿ ಕಾರ್ಖಾನೆ ವಿಸ್ತರಣೆಗೆ ಸೆಟ್‌ಬ್ಯಾಕ್ ವಿನಾಯಿತಿ ಪಡೆಯುವ ಬಗೆ

ಆರ್ಡರ್ ಹೆಚ್ಚಿದೆ, ಹೊಸ ಪ್ಯಾಕಿಂಗ್ ಯಂತ್ರಕ್ಕೆ ಮುಂಗಡ ಕೊಡುವ ಹೊತ್ತು ಬಂದಿದೆ, ಕಟ್ಟಡದ ಹಿಂದೆ ಹುಲ್ಲು ಬೆಳೆದ ಜಾಗ ಖಾಲಿ ಬಿದ್ದಿದೆ. ಜಾಗ ನಿಮ್ಮದೇ, ವರ್ಷವರ್ಷ ತೆರಿಗೆ ಕಟ್ಟುವವರೂ ನೀವೇ. ಆದರೂ ಅಲ್ಲಿ ಗೋಡೆ ಎಬ್ಬಿಸುವಂತಿಲ್ಲ. ಹಿಂದಿನ ಗಡಿಯಿಂದ ಇಷ್ಟು ಅಡಿ ಬಿಟ್ಟೇ ಕಟ್ಟಬೇಕು ಎಂದು ಊರಿನ ಝೋನಿಂಗ್ ಕಾನೂನು ಹೇಳುತ್ತದೆ; ಹೀಗೆ ಬಿಡಬೇಕಾದ ಅಂತರವೇ ಸೆಟ್‌ಬ್ಯಾಕ್. ಅಮೆರಿಕದಲ್ಲಿ ಮಸಾಲೆ ಪುಡಿ ಘಟಕ, ಯಂತ್ರಭಾಗಗಳ ವರ್ಕ್‌ಶಾಪ್, ಗೋದಾಮು ಇಟ್ಟುಕೊಂಡಿರುವ ಕನ್ನಡಿಗರಿಗೆ ವಿಸ್ತರಣೆಯ ಮಾತು ಬಂದಾಗ ಈ ತೊಡಕು ಎದುರಾಗುವುದುಂಟು.

ತೊಡಕಿಗೆ ಕಾನೂನೇ ಒಂದು ದಾರಿ ಇಟ್ಟಿದೆ. ಅದಕ್ಕೆ ವೇರಿಯನ್ಸ್ ಎನ್ನುತ್ತಾರೆ. ನಿಯಮವನ್ನು ಬದಲಿಸದೆ, ಒಂದು ನಿರ್ದಿಷ್ಟ ನಿವೇಶನಕ್ಕೆ ಮಾತ್ರ ಅದರಿಂದ ಇಷ್ಟರಮಟ್ಟಿಗೆ ವಿನಾಯಿತಿ ಕೊಡುವ ಆದೇಶ ಅದು. ಪ್ರತಿ ರಾಜ್ಯದ ಕಾನೂನು ಬೇರೆಯಾದ್ದರಿಂದ ಈ ಲೇಖನ ನ್ಯೂಜೆರ್ಸಿಯನ್ನು ಹಿಡಿದು ಹೇಳುತ್ತದೆ. ಅರ್ಜಿ ಹಾಕುವವರು ಮೊದಲಿನಿಂದ ಕೊನೆಯವರೆಗೆ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ: ಅರ್ಜಿಯನ್ನು ತೀರ್ಮಾನಿಸುವ ಊರಿನ ಬೋರ್ಡ್ ವಿಚಾರಿಸುವುದು ನೆಲದ ಕಷ್ಟವನ್ನು. ನಿಮ್ಮ ವ್ಯಾಪಾರ ಎಷ್ಟು ಬೆಳೆದಿದೆ, ಜಾಗ ಸಾಲದೆ ಎಷ್ಟು ನಷ್ಟವಾಗುತ್ತಿದೆ ಎಂಬುದು ಅಲ್ಲಿ ಹೆಚ್ಚು ತೂಗುವುದಿಲ್ಲ.

ನಿಯಮದ ಹಿನ್ನೆಲೆ

ನ್ಯೂಯಾರ್ಕ್ ನಗರ 1916ರಲ್ಲಿ ಇಡೀ ನಗರಕ್ಕೆ ಅನ್ವಯಿಸುವ ಝೋನಿಂಗ್ ನಿಯಮ ತಂದಿತು. ಓಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನಲ್ಲಿ ಆಂಬ್ಲರ್ ರಿಯಾಲ್ಟಿ ಎಂಬ ಕಂಪನಿ, ಕೈಗಾರಿಕೆಗೆಂದು ಇಟ್ಟುಕೊಂಡಿದ್ದ ತನ್ನ 68 ಎಕರೆಯ ಮೇಲೆ ಇಂಥದೇ ನಿರ್ಬಂಧ ಬಂದಾಗ ಮೊಕದ್ದಮೆ ಹೂಡಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪಿತ್ತು. ಅಲ್ಲಿಂದೀಚೆಗೆ ಸ್ವಂತ ಜಾಗದಲ್ಲಿ ಏನು ಕಟ್ಟಬಹುದು, ಎಲ್ಲಿ ಕಟ್ಟಬಹುದು ಎಂಬುದರಲ್ಲಿ ಊರಿಗೂ ಹಕ್ಕಿದೆ ಎಂಬುದು ಇತ್ಯರ್ಥವಾದ ವಿಷಯ. ನ್ಯೂಜೆರ್ಸಿಯಲ್ಲಿ ಇದನ್ನೆಲ್ಲ ಆಳುವುದು 1975ರ ಮುನಿಸಿಪಲ್ ಲ್ಯಾಂಡ್ ಯೂಸ್ ಲಾ. ಆ ಚೌಕಟ್ಟಿನೊಳಗೆ ರಾಜ್ಯದ 564 ಸ್ಥಳೀಯ ಆಡಳಿತಗಳೂ ತಮ್ಮ ತಮ್ಮ ಆರ್ಡಿನೆನ್ಸ್ ಮಾಡಿಕೊಳ್ಳುತ್ತವೆ. ಆದ್ದರಿಂದ ಪಕ್ಕದ ಊರಿನ ಗೆಳೆಯರಿಗೆ ಅನ್ವಯಿಸಿದ ಅಡಿ ಲೆಕ್ಕ ನಿಮಗೆ ಅನ್ವಯಿಸದು.

ಗಡಿಯಿಂದ ಬಿಡಬೇಕಾದ ಜಾಗಕ್ಕೆ ಕಾರಣಗಳಿವೆ. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಸುತ್ತ ಓಡಾಡಬೇಕು, ಪಕ್ಕದವರಿಗೆ ಗಾಳಿ ಬೆಳಕು ಸಿಗಬೇಕು, ಮಳೆನೀರು ಇಂಗಬೇಕು, ಯಂತ್ರದ ಸದ್ದು ಮನೆಗಳಿಗೆ ಮುಟ್ಟಬಾರದು. ನಿಮ್ಮ ಊರಿನ ನಿಯಮ ಇವುಗಳಲ್ಲಿ ಯಾವುದಕ್ಕಾಗಿ ಇದೆ ಎಂದು ಮೊದಲೇ ಅರಿತುಕೊಳ್ಳಿ. ಅಡಿ ಕಡಿಮೆಯಾದರೂ ಆ ಉದ್ದೇಶ ಕೆಡುವುದಿಲ್ಲ ಎಂದು ತೋರಿಸುವ ಹೊಣೆ ಮುಂದೆ ನಿಮ್ಮ ಮೇಲೇ ಬೀಳುತ್ತದೆ.

ಮೊದಲ ಖರ್ಚು ಸರ್ವೆಗೆ

ಆರ್ಕಿಟೆಕ್ಟ್ ಹತ್ತಿರ ಹೋಗುವ ಮುಂಚೆ ಲೈಸೆನ್ಸ್ ಇರುವ ಸರ್ವೇಯರ್‌ನಿಂದ ಹೊಸ ಸರ್ವೆ ಮಾಡಿಸಿ. ಜಾಗ ಕೊಂಡಾಗಿನ ಹಳೆಯ ನಕ್ಷೆ ನಂಬಿಕೊಂಡು ಕೂತರೆ ಬೇಲಿಯೇ ಗಡಿ ಎಂದು ಭ್ರಮಿಸುವ ಅಪಾಯವಿದೆ. ಸರ್ವೆಯಲ್ಲಿ ಗಡಿ, ಈಗಿರುವ ಕಟ್ಟಡ, ಈಸ್‌ಮೆಂಟ್‌ಗಳು (ನಿಮ್ಮ ಜಾಗದ ಮೇಲೆ ಬೇರೆಯವರಿಗಿರುವ ಬಳಕೆಯ ಹಕ್ಕುಗಳು), ಇಳಿಜಾರು, ಜೌಗು ಜಾಗ, ಮರಗಳು ಎಲ್ಲ ಬರಲಿ. ನಂತರ ಪುರಸಭೆಯ ಝೋನಿಂಗ್ ಆಫೀಸರ್‌ರನ್ನು ಕಂಡು, ನಿಮ್ಮ ವಲಯದ ಅಳತೆಗಳ ಪಟ್ಟಿ ಪಡೆಯಿರಿ. ಮುಂಭಾಗ, ಎರಡು ಪಕ್ಕ, ಹಿಂಭಾಗ, ಎತ್ತರ, ಒಟ್ಟು ಕಟ್ಟಡದ ವ್ಯಾಪ್ತಿ, ಕಾಂಕ್ರೀಟು–ಡಾಂಬರು ಹಾಸಿನ ಮಿತಿ, ಪಾರ್ಕಿಂಗ್: ಪ್ರತಿ ಸಾಲಿಗೆ ‘ನಿಯಮ ಕೇಳುವುದು’, ‘ಈಗಿರುವುದು’, ‘ಮುಂದೆ ಆಗುವುದು’ ಎಂದು ಮೂರು ಕಾಲಂ ಬರೆದುಕೊಳ್ಳಿ. ಯಾವ ಯಾವ ವಿನಾಯಿತಿ ಬೇಕು ಎಂಬುದು ಆ ಕಾಗದದಲ್ಲೇ ಕಾಣಿಸುತ್ತದೆ. ಹಿಂಭಾಗದ್ದೊಂದೇ ತೊಂದರೆ ಎಂದುಕೊಂಡು ಹೋಗಿ, ವಿಚಾರಣೆಯ ದಿನ ಪಾರ್ಕಿಂಗ್‌ಗೂ ವಿನಾಯಿತಿ ಬೇಕಿತ್ತು ಎಂದು ಗೊತ್ತಾದರೆ ಮತ್ತೆ ನೋಟಿಸ್ ಕೊಟ್ಟು ಮೊದಲಿಂದ ಬರಬೇಕಾದೀತು.

ಒಂದು ಉದಾಹರಣೆ ಹಾಕಿಕೊಳ್ಳೋಣ. ಎರಡು ಎಕರೆಯ ನಿವೇಶನ. 1970ರ ದಶಕದಲ್ಲಿ ಕಾನೂನುಬದ್ಧವಾಗಿ ಕಟ್ಟಿದ 24,000 ಚದರ ಅಡಿಯ ಮಸಾಲೆ ಪ್ಯಾಕಿಂಗ್ ಘಟಕ. ಹಿಂದೆ ರೈಲು ಹಳಿ ಓರೆಯಾಗಿ ಹಾದುಹೋಗಿರುವುದರಿಂದ ಹಿಂದಿನ ಗಡಿಯೂ ಓರೆ. ಮಾಲೀಕರಿಗೆ ಹಿಂಬದಿಯಲ್ಲಿ 100 ಅಡಿ ಉದ್ದ, 60 ಅಡಿ ಅಗಲದ ಹೊಸ ಭಾಗ ಬೇಕು. ನಿಯಮ ಕೇಳುವುದು 50 ಅಡಿ. ಹೊಸ ಗೋಡೆಯ ಒಂದು ಮೂಲೆ ಗಡಿಯಿಂದ 31 ಅಡಿಯಲ್ಲಿದ್ದರೆ, ಇನ್ನೊಂದು ಮೂಲೆ 62 ಅಡಿ ದೂರದಲ್ಲಿದೆ. ಲೆಕ್ಕ ಹಾಕಿದರೆ 50 ಅಡಿಯ ಗೆರೆ ದಾಟುವುದು 6,000 ಚದರ ಅಡಿಯಲ್ಲಿ ಸುಮಾರು 580 ಚದರ ಅಡಿಯ ಒಂದು ತ್ರಿಕೋನ ಮಾತ್ರ. ‘ನಮಗೆ 19 ಅಡಿ ವಿನಾಯಿತಿ ಕೊಡಿ’ ಎಂದಷ್ಟೇ ಕೇಳುವುದಕ್ಕೂ, ಆ ತ್ರಿಕೋನಕ್ಕೆ ಬಣ್ಣ ಬಳಿದ ನಕ್ಷೆಯನ್ನು ಬೋರ್ಡ್ ಮುಂದೆ ಇಡುವುದಕ್ಕೂ ಬಹಳ ಅಂತರವಿದೆ.

ಅದೇ ನಕ್ಷೆಯ ಮೇಲೆ ಇನ್ನೊಂದು ಕೆಲಸ ಮಾಡಿ. ಆ ಮೂಲೆಯನ್ನು ಓರೆಯಾಗಿ ಕತ್ತರಿಸಿದರೆ ಅಂತರ 31ರಿಂದ 38 ಅಡಿಗೆ ಏರುವುದಾದರೆ, ಕಳೆದುಕೊಳ್ಳುವುದು ಒಂದಷ್ಟು ಪ್ಯಾಲೆಟ್ ಇಡುವ ಜಾಗವಷ್ಟೇ ಆದರೆ, ಮೊದಲೇ ಕತ್ತರಿಸಿಬಿಡಿ. ಬೇಕಾದಷ್ಟನ್ನೇ ಕೇಳುತ್ತಿದ್ದೀರಿ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಯಾವ ಬಗೆಯ ಅರ್ಜಿ, ಯಾವ ಬೋರ್ಡ್?

ನ್ಯೂಜೆರ್ಸಿಯಲ್ಲಿ ಅಳತೆಗೆ ಸಂಬಂಧಿಸಿದ ವಿನಾಯಿತಿಗಳನ್ನು ‘ಸಿ’ ವೇರಿಯನ್ಸ್ ಎನ್ನುತ್ತಾರೆ. ಸೆಟ್‌ಬ್ಯಾಕ್ ಈ ಗುಂಪಿಗೆ ಸೇರಿದ್ದು. ‘ಡಿ’ ವೇರಿಯನ್ಸ್ ಇದಕ್ಕಿಂತ ಬಿಗಿ. ಆ ವಲಯದಲ್ಲಿ ನಿಮ್ಮ ಉದ್ಯೋಗಕ್ಕೇ ಅನುಮತಿ ಇಲ್ಲದಿದ್ದರೆ, ನಿಯಮ ಬರುವ ಮುಂಚಿನಿಂದ ನಡೆದುಬಂದಿರುವ ಉದ್ಯೋಗವನ್ನು ಈಗ ವಿಸ್ತರಿಸಬೇಕಿದ್ದರೆ, ನೆಲದ ವಿಸ್ತೀರ್ಣಕ್ಕೆ ಇಷ್ಟೇ ಕಟ್ಟಡ ಎಂಬ ಅನುಪಾತ ಮೀರಿದರೆ, ಅಥವಾ ಎತ್ತರ ಮಿತಿಗಿಂತ 10 ಅಡಿಯೋ ಶೇಕಡ 10ರಷ್ಟೋ ಹೆಚ್ಚಾದರೆ ‘ಡಿ’ ಬೇಕು. ಹಳೆಯ ಕೈಗಾರಿಕಾ ಪ್ರದೇಶಗಳನ್ನು ಎಷ್ಟೋ ಊರುಗಳು ಈಚೆಗೆ ವಸತಿಗೆ ಅಥವಾ ಮಿಶ್ರ ಬಳಕೆಗೆ ಬದಲಿಸಿವೆ. ನಿಮ್ಮ ವಲಯ ಇಂದಿಗೂ ಕೈಗಾರಿಕಾ ವಲಯವೇ ಎಂದು ಖಾತ್ರಿ ಮಾಡಿಕೊಳ್ಳದೆ ಮುಂದಡಿ ಇಡಬೇಡಿ.

‘ಡಿ’ ಬೇಕಿದ್ದರೆ ಅರ್ಜಿ ಹೋಗುವುದು ಝೋನಿಂಗ್ ಬೋರ್ಡಿಗೆ. ಅಲ್ಲಿ ಏಳು ಕಾಯಂ ಸದಸ್ಯರಿರುತ್ತಾರೆ. ಒಪ್ಪಿಗೆಗೆ ಐದು ಮತ ಬೇಕು. ಸೈಟ್ ಪ್ಲಾನ್ (ನಿವೇಶನದ ವಿನ್ಯಾಸ ನಕ್ಷೆ) ಒಪ್ಪಿಗೆಯ ಜೊತೆಗೆ ‘ಸಿ’ ಮಾತ್ರ ಬೇಕಿದ್ದರೆ ಪ್ಲಾನಿಂಗ್ ಬೋರ್ಡೇ ಎರಡನ್ನೂ ತೀರ್ಮಾನಿಸುತ್ತದೆ. ಹಾಜರಿದ್ದವರ ಬಹುಮತ ಸಾಕು. ಕೆಲವು ಸಣ್ಣ ಊರುಗಳಲ್ಲಿ ಒಂದೇ ಬೋರ್ಡ್ ಎರಡೂ ಕೆಲಸ ಮಾಡುತ್ತದೆ.

ವಾದದ ಎರಡು ದಾರಿ

‘ಸಿ’ ವಿನಾಯಿತಿ ಪಡೆಯಲು ಕಾನೂನು ಎರಡು ದಾರಿ ತೆರೆದಿದೆ.

ಮೊದಲನೆಯದು ಕಷ್ಟದ ದಾರಿ. ನಿವೇಶನ ತೀರಾ ಕಿರಿದಾಗಿದೆ, ಆಳ ಕಡಿಮೆ, ಆಕಾರ ವಿಚಿತ್ರ, ಬಂಡೆಯೋ ಇಳಿಜಾರೋ ಇದೆ. ಇಲ್ಲವೇ ಅಲ್ಲಿ ಕಾನೂನುಬದ್ಧವಾಗಿ ಇರುವ ಕಟ್ಟಡದಿಂದಲೇ ಅಡ್ಡಿಯಾಗಿದೆ. ಹೀಗಾಗಿ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಅಸಾಧಾರಣ ತೊಂದರೆಯಾಗುತ್ತದೆ ಎಂದು ತೋರಿಸಬೇಕು. ವಿಸ್ತರಣೆ ಮಾಡುವವರಿಗೆ ಈ ‘ಇರುವ ಕಟ್ಟಡ’ ಎಂಬ ಅಂಶ ಬಹಳ ನೆರವಿಗೆ ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಮಸಾಲೆ ಸಾಗುವ ಕನ್ವೇಯರ್ ಸಾಲು ಹಿಂದಿನ ಗೋಡೆಯ ಕಡೆಗೆ ಮುಗಿಯುತ್ತದೆ. ಮುಂಭಾಗಕ್ಕೆ ಬೆಳೆಸಿದರೆ ಲೋಡಿಂಗ್ ಡಾಕ್ ಹೋಗುತ್ತದೆ, ಪಕ್ಕಕ್ಕೆ ಬೆಳೆಸಿದರೆ ಟ್ರಕ್ ತಿರುಗುವ ಮತ್ತು ಅಗ್ನಿಶಾಮಕ ವಾಹನ ಬರುವ ದಾರಿ ಮುಚ್ಚುತ್ತದೆ, ಮೇಲಕ್ಕೆ ಕಟ್ಟಿದರೆ ಹಳೆಯ ಅಡಿಪಾಯ ಭಾರ ತಾಳುವುದಿಲ್ಲ. ಬೇರೆ ಯಾವ ದಿಕ್ಕು ಏಕಾಗದು ಎಂದು ಒಂದೊಂದಾಗಿ ತೋರಿಸಿದಾಗ ಉಳಿಯುವುದು ಓರೆಗಡಿಯ ಆ ಹಿಂಭಾಗ. ತೊಂದರೆ ಹುಟ್ಟಿದ್ದು ರೈಲು ಹಳಿಯ ಓರೆಯಿಂದ ಮತ್ತು ಕಟ್ಟಡ ಇರುವ ಜಾಗದಿಂದ ಎಂಬುದು ಆಗ ಸ್ಪಷ್ಟವಾಗುತ್ತದೆ.

ಏನೂ ಕಟ್ಟಲಾಗದಷ್ಟು ಕಷ್ಟ ಇರಲೇಬೇಕು ಎಂದೇನಿಲ್ಲ. 1999ರ ಲ್ಯಾಂಗ್ ಪ್ರಕರಣದಲ್ಲಿ ಕಿರಿದಾದ ಮನೆ ನಿವೇಶನದ ಈಜುಕೊಳವೊಂದಕ್ಕೆ ಸಿಕ್ಕ ವಿನಾಯಿತಿಯನ್ನು ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಈ ತತ್ತ್ವದ ಮೇಲೆ: ಕಷ್ಟ ನಿವೇಶನದ ಗುಣದಿಂದ ಬಂದಿರಬೇಕು, ಮಾಲೀಕರ ಸ್ವಂತ ಪರಿಸ್ಥಿತಿಯಿಂದ ಅಲ್ಲ. ಕಷ್ಟವನ್ನು ನೀವಾಗಿಯೇ ತಂದುಕೊಂಡಿದ್ದರೆ ಈ ದಾರಿ ಮುಚ್ಚುತ್ತದೆ. ಹಿಂದಿನ ಭಾಗವನ್ನು ಮೂರು ವರ್ಷದ ಕೆಳಗೆ ತುಂಡು ಮಾಡಿ ಮಾರಿ, ಈಗ ಜಾಗ ಸಾಲದು ಎಂದರೆ ಯಾರೂ ಕೇಳುವುದಿಲ್ಲ.

ಎರಡನೆಯದು ಪ್ರಯೋಜನದ ದಾರಿ. ವಿನಾಯಿತಿ ಕೊಟ್ಟರೆ ಭೂಬಳಕೆ ಕಾನೂನಿನ ಉದ್ದೇಶಗಳೇ ಮುಂದುವರಿಯುತ್ತವೆ, ಆಗುವ ತೊಂದರೆಗಿಂತ ಪ್ರಯೋಜನ ಸಾಕಷ್ಟು ಹೆಚ್ಚು ಎಂದು ತೋರಿಸುವುದು. ಇಲ್ಲಿ ಎಚ್ಚರ ಬೇಕು. 1988ರ ಕೌಫ್‌ಮನ್ ಪ್ರಕರಣದಲ್ಲಿ ಅದೇ ಕೋರ್ಟ್, ಪ್ರಯೋಜನ ಮಾಲೀಕರಿಗಷ್ಟೇ ಆದರೆ ಸಾಲದು, ಸಮುದಾಯಕ್ಕೂ ಆಗಬೇಕು ಎಂದಿತು. ಹೊರಗೆ ನಿಂತು ಗದ್ದಲ ಮಾಡುವ ಶೈತ್ಯ ಟ್ರೇಲರ್‌ಗಳು ಒಳಗೆ ಹೋಗುತ್ತವೆ, ರಸ್ತೆಗೆ ಹಿಮ್ಮುಖವಾಗಿ ಬರುತ್ತಿದ್ದ ಟ್ರಕ್‌ಗಳು ಇನ್ನು ಆವರಣದೊಳಗೇ ತಿರುಗುತ್ತವೆ, ಹಳೆಯ ಮಳೆನೀರು ವ್ಯವಸ್ಥೆ ಸರಿಹೋಗುತ್ತದೆ, ಮನೆಗಳ ಕಡೆ ಮರಗಳ ಸಾಲು ಬರುತ್ತದೆ: ಇಂಥವು ಸಮುದಾಯದ ಪ್ರಯೋಜನಗಳು.

ಯಾವ ದಾರಿ ಹಿಡಿದರೂ ಇನ್ನೊಂದು ಪರೀಕ್ಷೆ ತಪ್ಪದು. ಸಾರ್ವಜನಿಕ ಹಿತಕ್ಕೆ ಗಣನೀಯ ಧಕ್ಕೆ ಇಲ್ಲ, ಊರಿನ ಝೋನಿಂಗ್ ಯೋಜನೆಯ ಉದ್ದೇಶಕ್ಕೆ ಗಣನೀಯ ಭಂಗವಿಲ್ಲ ಎಂದು ಸಾಬೀತು ಮಾಡಬೇಕು. ನಮ್ಮ ಉದಾಹರಣೆಯಲ್ಲಿ ಹಿಂದೆ ಮನೆಗಳಿಲ್ಲ, ರೈಲು ಹಳಿ ಇದೆ. ಆ ಒಂದು ಸಂಗತಿಗೆ ಹತ್ತು ಪುಟದ ವರದಿಯ ಬೆಲೆಯಿದೆ.

ಜನ ಮತ್ತು ಖರ್ಚು

ಕಾರ್ಪೊರೇಷನ್ ಅಥವಾ ಎಲ್‌ಎಲ್‌ಸಿ ಹೆಸರಿನಲ್ಲಿ ಅರ್ಜಿ ಹಾಕುವುದಾದರೆ ನ್ಯೂಜೆರ್ಸಿಯಲ್ಲಿ ವಕೀಲರು ಬೇಕೇ ಬೇಕು. ಶೇಕಡ 10 ಅಥವಾ ಅದಕ್ಕಿಂತ ಹೆಚ್ಚು ಪಾಲು ಇರುವವರ ಹೆಸರುಗಳನ್ನೂ ಬಹಿರಂಗಪಡಿಸಬೇಕು. ಸೈಟ್ ಪ್ಲಾನ್ ಬರೆಯಲು ಎಂಜಿನಿಯರ್, ಒಳ–ಹೊರ ನಕ್ಷೆಗೆ ಆರ್ಕಿಟೆಕ್ಟ್, ವಿನಾಯಿತಿಯ ಕಾರಣಗಳನ್ನು ಪ್ರಮಾಣ ಮಾಡಿ ಹೇಳಲು ಲೈಸೆನ್ಸ್ ಇರುವ ಪ್ಲಾನರ್: ಸಾಮಾನ್ಯವಾಗಿ ತಂಡ ಇಷ್ಟು. ಹಣ ಉಳಿಸಲು ಪ್ಲಾನರ್‌ರನ್ನು ಬಿಡಬೇಡಿ. ನೆಲದ ಕಷ್ಟ ಏನು, ಊರಿನ ಯೋಜನೆಗೆ ಧಕ್ಕೆ ಏಕಿಲ್ಲ ಎಂಬುದನ್ನು ಕಾನೂನಿನ ಮಾತಿನಲ್ಲಿ ಹೇಳಬಲ್ಲವರು ಅವರೇ.

ಅರ್ಜಿ ಶುಲ್ಕದ ಜೊತೆಗೆ ಎಸ್ಕ್ರೋ ಠೇವಣಿ ಇಡಬೇಕು. ಬೋರ್ಡಿನ ಎಂಜಿನಿಯರ್, ಪ್ಲಾನರ್, ವಕೀಲರು ನಿಮ್ಮ ಕಡತ ಪರಿಶೀಲಿಸಿದ ಗಂಟೆಗಳ ಲೆಕ್ಕ ಅದರಿಂದ ಕಳೆಯುತ್ತದೆ. ಉಳಿದದ್ದು ನಿಮಗೆ ವಾಪಸ್. ಕಡತ ಅರೆಬರೆಯಾಗಿದ್ದರೆ ಪರಿಶೀಲನೆ ಮತ್ತೆ ಮತ್ತೆ ನಡೆದು ಆ ಖರ್ಚು ಏರುತ್ತದೆ. ಅರ್ಜಿ ಪೂರ್ಣವಾಗಿದೆಯೇ ಎಂದು ಹೇಳಲು ಪುರಸಭೆಗೆ 45 ದಿನ, ಪೂರ್ಣ ಎಂದಾದ ಮೇಲೆ ತೀರ್ಮಾನಕ್ಕೆ 120 ದಿನ ಎಂದು ಕಾನೂನು ಗಡುವು ಹಾಕಿದೆ. ನಿಮ್ಮ ಒಪ್ಪಿಗೆಯ ಮೇಲೆ ಅದನ್ನು ಮುಂದಕ್ಕೆ ಹಾಕಬಹುದು. ಯಂತ್ರದ ಡೆಲಿವರಿ ದಿನ ಗೊತ್ತುಮಾಡುವಾಗ ಈ ಲೆಕ್ಕ ಕಣ್ಣೆದುರು ಇರಲಿ.

ಅಡಿ ಕಡಿಮೆಯಾದ ಮಾತ್ರಕ್ಕೆ ಕಟ್ಟಡ ಸಂಹಿತೆಯಿಂದ ಬಿಡುಗಡೆ ಸಿಗುವುದಿಲ್ಲ. ಗೋಡೆ ಗಡಿಗೆ ಹತ್ತಿರವಾದಷ್ಟೂ ಬೆಂಕಿ ತಡೆಯುವ ಸಾಮರ್ಥ್ಯ ಹೆಚ್ಚು ಬೇಕಾಗಬಹುದು, ಕಿಟಕಿ ಬಾಗಿಲುಗಳಿಗೆ ಮಿತಿ ಬರಬಹುದು. 5,000 ಚದರ ಅಡಿಗಿಂತ ಹೆಚ್ಚು ಮಣ್ಣು ಕದಲಿಸುವ ಕೆಲಸಕ್ಕೆ ಮಣ್ಣು ಸಂರಕ್ಷಣಾ ಜಿಲ್ಲೆಯ ಪ್ರಮಾಣಪತ್ರ ಬೇಕು. ಒಂದು ಎಕರೆ ಅಥವಾ ಹೆಚ್ಚು ಜಾಗ ಕದಲಿಸಿದರೆ, ಇಲ್ಲವೇ ಹೊಸದಾಗಿ ಕಾಲು ಎಕರೆ ನೀರಿಂಗದ ಹಾಸು ಸೇರಿಸಿದರೆ ರಾಜ್ಯದ ಮಳೆನೀರು ನಿಯಮಗಳ ಬಿಗಿ ಹೆಚ್ಚುತ್ತದೆ. ಇವುಗಳನ್ನು ಎಂಜಿನಿಯರ್ ಜೊತೆ ಮೊದಲ ದಿನವೇ ಮಾತಾಡಿ.

200 ಅಡಿಯ ನೆರೆಹೊರೆ

ನಿಮ್ಮ ಗಡಿಯಿಂದ ಎಲ್ಲ ದಿಕ್ಕಿಗೂ 200 ಅಡಿಯೊಳಗೆ ಇರುವ ಆಸ್ತಿಗಳ ಮಾಲೀಕರಿಗೆಲ್ಲ ವಿಚಾರಣೆಗೆ ಕನಿಷ್ಠ 10 ದಿನ ಮುಂಚೆ ನೋಟಿಸ್ ಮುಟ್ಟಿಸಬೇಕು: ಸರ್ಟಿಫೈಡ್ ಅಂಚೆಯಲ್ಲಿ ಅಥವಾ ಕೈಯಾರೆ. ಮಾಲೀಕರ ಪಟ್ಟಿಯನ್ನು ನೀವೇ ತಯಾರಿಸಲು ಹೋಗಬೇಡಿ. ಪುರಸಭೆಗೆ ಕೇಳಿದರೆ ಏಳು ದಿನದೊಳಗೆ ಪ್ರಮಾಣೀಕರಿಸಿದ ಪಟ್ಟಿ ಕೊಡಬೇಕು. ಶುಲ್ಕ 10 ಡಾಲರ್ ಅಥವಾ ಹೆಸರಿಗೆ 25 ಸೆಂಟ್, ಯಾವುದು ಹೆಚ್ಚೋ ಅದು. ಆ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದ್ದರೂ ನಿಮ್ಮ ನೋಟಿಸ್ ಊರ್ಜಿತ. ಕೌಂಟಿ ರಸ್ತೆ, ರಾಜ್ಯ ಹೆದ್ದಾರಿ, ಪಕ್ಕದ ಊರಿನ ಗಡಿ ಹತ್ತಿರವಿದ್ದರೆ ಆಯಾ ಕಚೇರಿಗಳಿಗೂ ನೋಟಿಸ್ ಹೋಗಬೇಕು. ಸಾರ್ವಜನಿಕ ಪ್ರಕಟಣೆ ಬೇರೆ. ಅದು ಎಲ್ಲಿ ಬರಬೇಕು ಎಂದು ಬೋರ್ಡಿನ ಕಾರ್ಯದರ್ಶಿಯನ್ನು ಕೇಳಿ. ನಕ್ಷೆಗಳು 10 ದಿನ ಮುಂಚೆಯೇ ಜನ ಬಂದು ನೋಡುವಂತೆ ಕಚೇರಿಯಲ್ಲಿರಬೇಕು. ನೋಟಿಸ್‌ನಲ್ಲಿ ದೋಷವಿದ್ದರೆ ಬೋರ್ಡಿಗೆ ವಿಚಾರಣೆಯ ಅಧಿಕಾರವೇ ಇರುವುದಿಲ್ಲ. ಸಿಕ್ಕ ಒಪ್ಪಿಗೆಯೂ ಕೋರ್ಟಿನಲ್ಲಿ ಬಿದ್ದುಹೋಗಬಹುದು.

ಕಾನೂನು ಕೇಳುವುದು ಇಷ್ಟು. ಅದಕ್ಕೂ ಮುಂಚೆ ನೀವೇ ನೆರೆಯವರ ಬಾಗಿಲಿಗೆ ಹೋಗಿ. ನಕ್ಷೆ ತೋರಿಸಿ, ಕೆಲಸದ ವೇಳೆ ಹೇಳಿ, ಅವರ ಆತಂಕ ಕೇಳಿ. ರಾತ್ರಿ ಒಂಬತ್ತರ ಮೇಲೆ ಟ್ರಕ್ ಎಂಜಿನ್ ಚಾಲೂ ಇರುತ್ತದೆ, ಗೋಡೆಯ ದೀಪ ಮಲಗುವ ಕೋಣೆಗೆ ಬೀಳುತ್ತದೆ, ಮೆಣಸಿನಕಾಯಿ ಪುಡಿಯ ಘಾಟು ಬರುತ್ತದೆ: ಇಂಥ ದೂರುಗಳಿಗೆ ವಿಚಾರಣೆಗೆ ಮುಂಚೆಯೇ ಉತ್ತರ ಕಟ್ಟಿಕೊಳ್ಳಬಹುದು. ದೀಪಕ್ಕೆ ಮರೆ, ಹೊಸ ಧೂಳು ಹಿಡಿಯುವ ಫಿಲ್ಟರ್, ಟ್ರಕ್‌ಗಳಿಗೆ ವೇಳಾಪಟ್ಟಿ ನಕ್ಷೆಯಲ್ಲೇ ಸೇರಿದ್ದರೆ ವಿರೋಧಿಸಬೇಕಿದ್ದವರು ಸಮಾಧಾನಗೊಂಡು ಬರುತ್ತಾರೆ. ಬೋರ್ಡ್ ಸದಸ್ಯರ ವಿಷಯದಲ್ಲಿ ಮಾತ್ರ ಇದು ಸಲ್ಲದು. ಅವರ ಮನೆಗೆ ಹೋಗುವುದು, ಪರಿಚಯದವರಿಂದ ಒಂದು ಮಾತು ಹೇಳಿಸುವುದು ಬೇಡವೇ ಬೇಡ. ಅವರು ನಿಮ್ಮ ವಿಷಯ ಕೇಳಬೇಕಾದ್ದು ಬಹಿರಂಗ ಸಭೆಯಲ್ಲಿ ಮಾತ್ರ.

ವಿಚಾರಣೆಯ ಸಂಜೆ

ವಿಚಾರಣೆ ಸಾಮಾನ್ಯವಾಗಿ ಸಂಜೆ, ಪುರಸಭೆಯ ಸಭಾಂಗಣದಲ್ಲಿ. ಸದಸ್ಯರು ಅದೇ ಊರಿನ ನಿವಾಸಿಗಳು. ನಿಮ್ಮ ಪ್ರತಿ ಸಾಕ್ಷಿಯೂ ಪ್ರಮಾಣ ಸ್ವೀಕರಿಸಿ ಮಾತಾಡುತ್ತಾರೆ, ಎಲ್ಲವೂ ರೆಕಾರ್ಡ್ ಆಗುತ್ತದೆ, ನಕ್ಷೆಗಳಿಗೆ ಎ-1, ಎ-2 ಎಂದು ಗುರುತು ಬೀಳುತ್ತದೆ. ಒಬ್ಬೊಬ್ಬರ ಮಾತು ಮುಗಿದಂತೆ ಮೊದಲು ಬೋರ್ಡ್, ನಂತರ ಸಭಿಕರು ಪ್ರಶ್ನೆ ಕೇಳಬಹುದು. ನೆರೆಯವರು ಪಾಟೀಸವಾಲು ಹಾಕಿದರೆ ಮುಖ ಗಂಟಿಕ್ಕಬೇಡಿ. ಅದು ಅವರ ಹಕ್ಕು.

ಮಾಲೀಕರಾಗಿ ನೀವು ಹೇಳಬೇಕಾದ್ದು ಕಾರ್ಖಾನೆಯ ದಿನಚರಿ. ಎಷ್ಟು ಪಾಳಿ, ಎಷ್ಟು ಜನ, ದಿನಕ್ಕೆ ಎಷ್ಟು ಟ್ರಕ್, ವಿಸ್ತರಣೆಯ ನಂತರ ಎಷ್ಟಾಗುತ್ತದೆ, ಫೋರ್ಕ್‌ಲಿಫ್ಟ್ ಹೊರಗೆ ಓಡಾಡುತ್ತದೆಯೇ ಇಲ್ಲವೇ. ಕೇಳಿದ್ದಕ್ಕೆ ಚುಟುಕಾಗಿ, ನಿಜವಾಗಿ ಉತ್ತರಿಸಿ. ಅಲ್ಲಿ ಹೇಳಿದ ಮಾತು ಆದೇಶದಲ್ಲಿ ಷರತ್ತಾಗಿ ಕೂರಬಹುದು. ‘ಭಾನುವಾರ ಕೆಲಸವಿಲ್ಲ’ ಎಂದರೆ ಮುಂದೆ ಭಾನುವಾರ ಯಂತ್ರ ಚಾಲೂ ಮಾಡುವಂತಿಲ್ಲ. ಜಾಗ ಸಾಲದೆ ಗಿರಾಕಿ ಕೈತಪ್ಪಿದ ಕಥೆಯನ್ನು ಉದ್ದ ಮಾಡಬೇಡಿ. ‘ಡಿ’ ಅರ್ಜಿಯಿದ್ದು ಅಂದು ಐದೇ ಸದಸ್ಯರು ಬಂದಿದ್ದರೆ ಒಬ್ಬರು ಬೇಡವೆಂದರೂ ಅರ್ಜಿ ಬೀಳುತ್ತದೆ. ಅಂಥ ದಿನ ಮುಂದೂಡುವಂತೆ ಕೇಳಿಕೊಳ್ಳಬೇಕೇ ಎಂದು ವಕೀಲರೊಂದಿಗೆ ಆಲೋಚಿಸಿ.

ಸದಸ್ಯರು ನಿಮ್ಮೆದುರೇ ಚರ್ಚಿಸಿ ಮತ ಹಾಕುತ್ತಾರೆ. ಕಾರಣಗಳನ್ನು ಬರೆದ ನಿರ್ಣಯ 45 ದಿನದೊಳಗೆ ಬರಬೇಕು. ಅದರ ಪ್ರಕಟಣೆಯಾದ ಮೇಲೆ ಯಾರಾದರೂ ಸುಪೀರಿಯರ್ ಕೋರ್ಟಿಗೆ ಹೋಗಲು 45 ದಿನಗಳ ಅವಕಾಶವಿದೆ. ಆ ಅವಧಿ ಮುಗಿಯುವ ಮುಂಚೆ ಅಡಿಪಾಯ ತೋಡಿದರೆ ಹೊಣೆ ನಿಮ್ಮದೇ. ಅರ್ಜಿ ತಿರಸ್ಕಾರವಾದರೆ ನಿಮಗೂ ಅದೇ ದಾರಿ. ಕೋರ್ಟ್ ಹೊಸ ಸಾಕ್ಷ್ಯ ಕೇಳುವುದಿಲ್ಲ; ಬೋರ್ಡ್ ಮನಬಂದಂತೆ ನಡೆದಿದೆಯೇ ಎಂದು ದಾಖಲೆ ನೋಡಿ ಹೇಳುತ್ತದೆ. ಆ ಸಂಜೆ ದಾಖಲಾಗದ ಸಾಕ್ಷ್ಯ ಮುಂದೆ ಉಪಯೋಗಕ್ಕೆ ಬಾರದು.

ಬೇರೆ ರಾಜ್ಯಗಳಲ್ಲಿ

ನ್ಯೂಯಾರ್ಕ್‌ನಲ್ಲಿ ಅಳತೆಯ ವಿನಾಯಿತಿಗೆ ಅರ್ಜಿದಾರರಿಗಾಗುವ ಪ್ರಯೋಜನವನ್ನೂ ನೆರೆಹೊರೆಗಾಗುವ ತೊಂದರೆಯನ್ನೂ ಐದು ಅಂಶಗಳ ಮೇಲೆ ತೂಗುತ್ತಾರೆ. ಕಷ್ಟ ಸ್ವಯಂಕೃತವೇ ಎಂಬುದು ಅವುಗಳಲ್ಲಿ ಒಂದು, ಆದರೆ ಅದೊಂದರಿಂದಲೇ ಅರ್ಜಿ ಬೀಳುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಅರ್ಜಿ ಬಂದ 60 ದಿನದೊಳಗೆ ವಿಚಾರಣೆ ಶುರುವಾಗಬೇಕು, ಪರಿಹಾರಕ್ಕೆ ಬೇಕಾದ ಕನಿಷ್ಠ ವಿನಾಯಿತಿಯನ್ನಷ್ಟೇ ಕೇಳಬೇಕು. ಟೆಕ್ಸಾಸ್‌ನಲ್ಲಿ ಬೋರ್ಡಿನ ಶೇಕಡ 75ರಷ್ಟು ಮತ ಬೇಕು. ಒಂದು ರಾಜ್ಯದ ಅನುಭವವನ್ನು ಇನ್ನೊಂದಕ್ಕೆ ಹೊತ್ತೊಯ್ಯದಿರಿ.

ಕಟ್ಟಿ ಆಮೇಲೆ ಕೇಳುವ ಅಭ್ಯಾಸ

ಕರ್ನಾಟಕದಿಂದ ಬಂದವರಿಗೆ ಒಂದು ಮಾತು ಹೇಳಲೇಬೇಕು. ಸೆಟ್‌ಬ್ಯಾಕ್ ಬಿಡದೆ ಕಟ್ಟಿ, ಮುಂದೆ ದಂಡ ಕಟ್ಟಿ ಸರಿಮಾಡಿಕೊಂಡರಾಯಿತು ಎಂಬ ನಿರೀಕ್ಷೆ ನಮ್ಮಲ್ಲಿ ಬೇರೂರಿದೆ. ಅಲ್ಲಿಯೂ ಅದು ಭದ್ರವಾದ ದಾರಿಯಾಗಿ ಉಳಿದಿಲ್ಲ: ಅಕ್ರಮ–ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನ್ಯೂಜೆರ್ಸಿಯಲ್ಲಿ ಅನುಮತಿಯಿಲ್ಲದೆ ಎದ್ದ ಗೋಡೆ ಅರ್ಜಿದಾರರ ಪರವಾಗಿ ಏನನ್ನೂ ಹೇಳುವುದಿಲ್ಲ. ಖರ್ಚಾಗಿಹೋಗಿದೆ ಎಂಬುದು ನೆಲದ ಕಷ್ಟ ಅಲ್ಲವೇ ಅಲ್ಲ, ಕೆಡವುವ ಆದೇಶವೂ ಬರಬಹುದು.

ಮೊದಲೇ ಕೇಳಿ ಪಡೆದ ವಿನಾಯಿತಿಗೆ ಬೇರೆಯೇ ತೂಕವಿದೆ. ಅದು ವ್ಯಕ್ತಿಗೆ ಸೇರಿದ್ದಲ್ಲ, ನೆಲಕ್ಕೆ ಅಂಟಿದ್ದು. ನಾಳೆ ನೀವು ಕಾರ್ಖಾನೆ ಮಾರಿದರೂ, ಮಕ್ಕಳಿಗೆ ಬಿಟ್ಟರೂ ಅದು ನಿವೇಶನದ ಜೊತೆ ಹೋಗುತ್ತದೆ, ಷರತ್ತುಗಳೂ ಅದರ ಜೊತೆಗೇ. ಕೆಲವು ಊರುಗಳು ಇಂತಿಷ್ಟು ಕಾಲದೊಳಗೆ ಕೆಲಸ ಶುರುಮಾಡಬೇಕೆಂದು ಅವಧಿ ಹಾಕಿರುತ್ತವೆ; ನಿರ್ಣಯ ಕೈಗೆ ಬಂದ ದಿನವೇ ಅದನ್ನು ನೋಡಿಕೊಂಡು, ಷರತ್ತುಗಳ ಪಟ್ಟಿ ಮಾಡಿ, ಒಂದು ಪ್ರತಿಯನ್ನು ಗುತ್ತಿಗೆದಾರರಿಗೆ, ಒಂದನ್ನು ಪಾಳಿಯ ಮೇಲ್ವಿಚಾರಕರಿಗೆ ಕೊಡಿ. ಮರ ನೆಡುತ್ತೇವೆ ಎಂದಿದ್ದರೆ ನೆಡಿ, ಒಣಗಿದರೆ ಮತ್ತೆ ನೆಡಿ. ಐದು ವರ್ಷದ ಮೇಲೆ ಇನ್ನೊಂದು ವಿಸ್ತರಣೆಗೆ ಅದೇ ಬೋರ್ಡ್ ಮುಂದೆ ನಿಲ್ಲಬೇಕಾಗಿ ಬಂದಾಗ, ಹಿಂದಿನ ಮಾತು ಉಳಿಸಿಕೊಂಡ ಮಾಲೀಕರ ಅರ್ಜಿಯನ್ನು ಊರು ವಿಶ್ವಾಸದಿಂದಲೇ ಕೇಳುತ್ತದೆ.